ಎಸ್ಪೋಸಿಟೊ: ತೊರೆದ ಕೂಸಿನ ಹೆಸರು ಮತ್ತು ದೇವರ ಮಕ್ಕಳೆಂಬ ನಂಬಿಕೆ

ಇಟಲಿಯ ನೇಪಲ್ಸ್ ನಗರದಲ್ಲಿ ಅತಿ ಹೆಚ್ಚಾಗಿ ಕಾಣಸಿಗುವ ಮನೆತನದ ಹೆಸರು ಎಸ್ಪೋಸಿಟೊ. ‘ಹೊರಗಿಟ್ಟದ್ದು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಈ ಹೆಸರನ್ನು ಹೆತ್ತವರು ಬಿಟ್ಟುಹೋದ ಶಿಶುಗಳಿಗೆ, ಅವುಗಳನ್ನು ಎತ್ತಿಕೊಂಡು ಸಾಕಿದ ಧರ್ಮಸಂಸ್ಥೆಗಳೇ ಇಟ್ಟವು. ರೋಮಿನ ಪ್ರೊಯೆಟ್ಟಿ, ಫ್ಲಾರೆನ್ಸಿನ ಇನ್ನೊಸೆಂಟಿ, ಇಂಥ ಶಿಶುಗಳನ್ನು ಸಾಕಿದ ಆಸ್ಪತ್ರೆಯ ಲಾಂಛನವಾದ ಪಾರಿವಾಳದಿಂದ ಹುಟ್ಟಿದ ಮಿಲಾನಿನ ಕೊಲೊಂಬೊ, ಇವೂ ಬಹುಮಟ್ಟಿಗೆ ಇದೇ ಬಗೆಯ ಹೆಸರುಗಳು. ಬೇರೆಯವರು ಎಸಗಿದ ಕೃತ್ಯವನ್ನು ಅದಕ್ಕೆ ಗುರಿಯಾದವರ ಗುರುತಾಗಿ ಬರೆದಿಡುವುದು ಧರ್ಮವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಬರೆದವರು ದೇವರ ಮುಂದೆ ಎಲ್ಲ ಮಕ್ಕಳೂ ಒಂದೇ ಎಂದು ನಂಬಿದವರಾದ್ದರಿಂದ ಅದು ಇನ್ನಷ್ಟು ತೀಕ್ಷ್ಣವಾಗುತ್ತದೆ.

ನೇಪಲ್ಸಿನಲ್ಲಿ ಈ ಕೆಲಸ ನಡೆದದ್ದು 14ನೆಯ ಶತಮಾನದಲ್ಲಿ ಸ್ಥಾಪಿತವಾದ ಅನುನ್ಸಿಯಾಟಾ ಸಂಸ್ಥೆಯಲ್ಲಿ. ಅದರ ಗೋಡೆಯಲ್ಲಿ ‘ರುವೊಟಾ’, ಅಂದರೆ ಚಕ್ರ, ಎಂದು ಕರೆಯುತ್ತಿದ್ದ ಟೊಳ್ಳಾದ ಮರದ ತಿರುಗಣೆಯಿತ್ತು. ಬೀದಿಯ ಕಡೆಯಿಂದ ಕೂಸನ್ನು ಅದರೊಳಗಿಟ್ಟು ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಎತ್ತಿಕೊಂಡವರಿಗೆ ಕಾಣುತ್ತಿರಲಿಲ್ಲ. 1875ರಲ್ಲಿ ಮುಚ್ಚುವವರೆಗೂ ಈ ತಿರುಗಣೆ ಬಳಕೆಯಲ್ಲಿತ್ತು, ಅದರ ಮೂಲಕ ಬಂದವರನ್ನು ಊರಿನವರು ಮಡೋನ್ನಳ, ಅಂದರೆ ಮಾತೆ ಮರಿಯಳ, ಮಕ್ಕಳೆಂದು ಕರೆಯುತ್ತಿದ್ದರು.

ಒಳಗೆ ಬಂದ ಕೂಸಿಗೆ ಮೊದಲು ಸಲ್ಲಬೇಕಾದದ್ದು ದೀಕ್ಷಾಸ್ನಾನ, ಅಂದರೆ ನೀರೆರೆದು ಕ್ರೈಸ್ತಸಭೆಗೆ ಸೇರಿಸುವ ಸಂಸ್ಕಾರ. ಮನುಷ್ಯರೆಲ್ಲ ಆದಾಮನಿಂದ ಬಂದ ಜನ್ಮಪಾಪವನ್ನು ಹೊತ್ತೇ ಹುಟ್ಟುತ್ತಾರೆ, ಈ ಸಂಸ್ಕಾರವಿಲ್ಲದೆ ಸತ್ತ ಶಿಶುವಿಗೂ ಮೋಕ್ಷವಿಲ್ಲ ಎಂದು ಸಂತ ಆಗಸ್ಟೀನ್ ವಾದಿಸಿದ್ದರಿಂದ, ಬದುಕುವ ಭರವಸೆಯೇ ಕಡಿಮೆಯಿದ್ದ ಈ ಮಕ್ಕಳ ವಿಷಯದಲ್ಲಿ ತಡಮಾಡುವಂತಿರಲಿಲ್ಲ. ಆದರೆ ಈ ಸಂಸ್ಕಾರವನ್ನು ಒಬ್ಬರಿಗೆ ಎರಡು ಸಲ ಮಾಡುವಂತೆಯೂ ಇಲ್ಲ, ಮತ್ತು ತಿರುಗಣೆಯಲ್ಲಿ ಬಂದ ಕೂಸಿಗೆ ಅದು ಮೊದಲೇ ಆಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಹೀಗಾಗಿ ‘ನಿನಗೆ ಈವರೆಗೆ ಆಗಿರದಿದ್ದರೆ’ ಎಂಬ ಷರತ್ತನ್ನು ಮಂತ್ರದೊಳಗೇ ಸೇರಿಸಿ ನೀರೆರೆಯುವ ವಿಧಿ ಬಳಕೆಗೆ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಒಪ್ಪಿಕೊಂಡು, ಆ ಕಾರಣಕ್ಕೆ ಮಗುವಿಗೆ ಏನೂ ತಪ್ಪದಂತೆ ನೋಡಿಕೊಂಡ ಈ ವಿಧಿಯಲ್ಲಿ ದೊಡ್ಡ ವಿವೇಕವಿದೆ.

ದುಃಖದ ಸಂಗತಿಯೆಂದರೆ, ಮಂತ್ರ ತೋರಿದ ಆ ವಿವೇಕವನ್ನು ದಾಖಲೆ ಪುಸ್ತಕ ತೋರಲಿಲ್ಲ. ತಂದೆಯ ಪಾಪವನ್ನು ಮಗ ಹೊರಬೇಕಾಗಿಲ್ಲವೆಂದು ಬೈಬಲಿನ ಯೆಹೆಜ್ಕೇಲ ಗ್ರಂಥದ 18ನೆಯ ಅಧ್ಯಾಯ ಸ್ಪಷ್ಟವಾಗಿ ಸಾರಿದ್ದರೂ, ದೇವರ ಮಗುವೆಂದು ಈಗಷ್ಟೇ ಸ್ವೀಕೃತವಾದ ಶಿಶುವಿನ ಹೆಸರಿನ ಪಕ್ಕದಲ್ಲೇ ಅದು ಪರಿತ್ಯಕ್ತವೆಂಬುದೂ ದಾಖಲಾಯಿತು. ಪರಿತ್ಯಕ್ತವೆಂಬ ಆ ತೀರ್ಪಾದರೂ ಎಲ್ಲ ಸಲ ನಿಜವಾಗಿರಲಿಲ್ಲ. ಬ್ರುನೆಲೆಸ್ಕಿಯ ವಿನ್ಯಾಸದಂತೆ ಕಟ್ಟಿ 1445ರಲ್ಲಿ ತೆರೆದ ಫ್ಲಾರೆನ್ಸಿನ ಇನ್ನೊಸೆಂಟಿ ಆಸ್ಪತ್ರೆಯಲ್ಲಿ, ಮಕ್ಕಳೊಂದಿಗೆ ಬಂದ ಅರ್ಧ ಪದಕಗಳನ್ನು ಇಂದಿಗೂ ಕಾಯ್ದಿಡಲಾಗಿದೆ. ಇನ್ನರ್ಧವನ್ನು ಹೆತ್ತವರು ತಮ್ಮ ಬಳಿ ಉಳಿಸಿಕೊಳ್ಳುತ್ತಿದ್ದರು, ಒಳ್ಳೆಯ ದಿನ ಬಂದಾಗ ಎರಡನ್ನೂ ಕೂಡಿಸಿ ತೋರಿಸಿ ಮಗುವನ್ನು ಮರಳಿ ಪಡೆಯಬಹುದೆಂಬ ಆಸೆಯಿಂದ. ಬಡತನ ಕೊಡಿಸಿದ ಮಗುವನ್ನು ಬಿಸಾಡಿದ ಮಗುವೆಂದು ಕರೆದದ್ದು ಹೆತ್ತವರಿಗೂ ಮಾಡಿದ ಅನ್ಯಾಯ.

1808ರಿಂದ 1815ರವರೆಗೆ ನೇಪಲ್ಸನ್ನು ಆಳಿದ ಜೊಆಕಿಮ್ ಮ್ಯುರಾ ಎಸ್ಪೋಸಿಟೊ ಎಂಬ ಹೆಸರನ್ನು ಹೊಸದಾಗಿ ಇಡುವುದನ್ನು ನಿಷೇಧಿಸಿದ, ಮಿಲಾನಿನಲ್ಲೂ ಕೊಲೊಂಬೊ ಎಂದು ಬರೆಯುವುದು 1825ರಲ್ಲಿ ನಿಂತಿತು. ಅಲ್ಲಿಂದ ಮುಂದೆ ಗುಮಾಸ್ತರು ಕಲ್ಪಿಸಿದ ಹೆಸರುಗಳು ಬಂದವು. ಕಳಂಕ ಮಗುವಿನದೇ ಅಲ್ಲವೆನ್ನುವ ಧೈರ್ಯ ಇದರಲ್ಲಿಯೂ ಇರಲಿಲ್ಲವಾದರೂ, ಮುಂದಿನ ಮಕ್ಕಳಿಗೆ ಅದು ದಯೆಯೇ ಆಗಿತ್ತು. ಅಷ್ಟರಲ್ಲಿ ಹಳೆಯ ಎಸ್ಪೋಸಿಟೊಗಳು ಮದುವೆಯಾಗಿ, ಸಂಸಾರ ಹೂಡಿ, ಅದೇ ಹೆಸರನ್ನು ತಮ್ಮ ಮಕ್ಕಳಿಗೆ ದಾಟಿಸಿಯಾಗಿತ್ತು. ಆ ಮಕ್ಕಳಿಗೆ ಅದು ಗುಮಾಸ್ತ ಬರೆದುಕೊಟ್ಟ ಹೆಸರಾಗಿರಲಿಲ್ಲ, ಅಪ್ಪನಿಂದ ಬಂದ ಹೆಸರಾಗಿತ್ತು.