ಮಿಸ್ತ್ರಿಯ ಹತ್ಯಾರು ಯಾರ ಹೊಣೆ?

2024ರ ಜೂನ್ 28ರ ಬೆಳಗ್ಗೆ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಹಿಂದಿನ 24 ಗಂಟೆಗಳ ಮಳೆ 228.1 ಮಿಲಿಮೀಟರ್ ಎಂದು ದಾಖಲಾಯಿತು. ಅಲ್ಲಿಂದ ಆರ್.ಕೆ.ಪುರಂ ಏನೂ ದೂರವಿಲ್ಲ. ಇಲ್ಲಿಯ ನೆಲಮಹಡಿಯ ಮನೆಯೊಂದರಲ್ಲಿ ಅಡುಗೆಮನೆಯ ಕಪಾಟಿನ ಕೆಲಸ ನಡೆದಿತ್ತು. ಮಿಸ್ತ್ರಿ ಸಂಜೆ ತಮ್ಮ ವಿದ್ಯುತ್ ಗರಗಸ, ರಂದಾ ಮಷೀನು, ಬ್ಯಾಟರಿ ಡ್ರಿಲ್ಲು, ಒಂದು ಚೀಲ ಉಳಿಗಳನ್ನು ಹಿಂದಿನ ವರಾಂಡದಲ್ಲಿಟ್ಟು ಮುನಿರ್ಕಾದ ಕೋಣೆಗೆ ಹೋಗಿದ್ದರು. ಬೆಳಗಾಗುವಷ್ಟರಲ್ಲಿ ಎಲ್ಲವೂ ಚರಂಡಿ ನೀರಿನೊಳಗೆ. ಮನೆಯವರ ಪ್ಲೈವುಡ್ಡೂ ಉಬ್ಬಿತು. ಪ್ಲೈವುಡ್ಡಿನ ನಷ್ಟ ಮನೆಯವರದು, ಅದರಲ್ಲಿ ತಕರಾರಿಲ್ಲ. ಯಂತ್ರಗಳದ್ದು ಯಾರದು?

ಕನ್ನಡದ ನಾಲ್ಕು ಜನ ಸೇರಿದಲ್ಲಿ ಈ ಪ್ರಶ್ನೆ ಇಟ್ಟರೆ ಬರುವ ಮೊದಲ ಉತ್ತರ ಗೊತ್ತೇ ಇದೆ: ‘ಮಳೆ ದೇವರದು, ಹತ್ಯಾರು ಅವನದು, ನಮ್ಮದೇನಿದೆ?’ ಕಾನೂನೂ ಹೆಚ್ಚುಕಡಿಮೆ ಇದೇ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 151ನೆಯ ಸೆಕ್ಷನ್ ಪ್ರಕಾರ, ಇನ್ನೊಬ್ಬರು ವಶಕ್ಕೆ ಕೊಟ್ಟ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ಅಷ್ಟು ನೋಡಿಕೊಂಡಿದ್ದರೆ, ಬೇರೆ ಕರಾರೇನೂ ಇಲ್ಲದಿದ್ದರೆ, ನಷ್ಟಕ್ಕೆ ಹೊಣೆಯಿಲ್ಲ ಎನ್ನುತ್ತದೆ 152. ಇಲ್ಲಿ ಮಿಸ್ತ್ರಿ ವಶಕ್ಕೆ ಕೊಟ್ಟರೋ, ಬರೀ ಬಿಟ್ಟು ಹೋದರೋ ಎಂಬುದೂ ವಕೀಲರ ವಾದಕ್ಕೆ ಸಿಗುವ ಮಾತು. ಮನೆಯವರ ಪ್ಲೈವುಡ್ಡೇ ನೆನೆದಿರುವಾಗ ಅವರು ಎಚ್ಚರ ತಪ್ಪಿದರು ಎನ್ನುವುದು ಕಷ್ಟ. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ನನಗೆ ಮುಗಿದಂತೆ ಅನ್ನಿಸುವುದಿಲ್ಲ.

ಮೊದಲು ಕಬ್ಬಿಣದ ಮಾತು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ಸಿಕ್ಕರೆ ತುಕ್ಕು ಹಿಡಿಯುತ್ತದೆ. ನೀರಿನಲ್ಲಿ ಉಪ್ಪಿನಂಶವಿದ್ದರೆ ಇನ್ನೂ ಬೇಗ. ಉಳಿಗೆ ಹಿಡಿದ ಹೊಸ ತುಕ್ಕು ಮೈಮೇಲಿನದು. ಸಾಣೆಕಲ್ಲಿಗೆ ಉಜ್ಜಿ ಎಣ್ಣೆ ಸವರಿದರೆ ಅಲಗು ಮರಳಿ ಬರುತ್ತದೆ. ನಮ್ಮ ಊರಿನ ಆಚಾರಿಗಳ ಉಳಿ, ಬಾಚಿ, ಉಜ್ಜುಗೊರಡು ಎಷ್ಟೋ ಮಳೆಗಾಲಗಳನ್ನು ಹೀಗೇ ದಾಟಿವೆ. ವಿದ್ಯುತ್ ಯಂತ್ರದ ಕಥೆಯೇ ಬೇರೆ. ಅದರ ಗಾಳಿಕಂಡಿಗಳಿಂದ ಒಳಹೋದ ನೀರು ಬೇರಿಂಗಿಗೆ ಕೆಸರು ತುಂಬುತ್ತದೆ, ಸ್ವಿಚ್ಚಿನೊಳಗೆ ನಿಲ್ಲುತ್ತದೆ, ಮೋಟಾರಿನ ತಾಮ್ರದ ಸುರುಳಿಯ ನಿರೋಧಕ ಪದರವನ್ನು ಕೆಡಿಸುತ್ತದೆ. ಹೊರಗೆ ಒರೆಸಿದರೆ ಹೊಸದರಂತೆ ಕಾಣುತ್ತದೆ. ಒಳಗೆ ಏನಾಗಿದೆಯೆಂದು ಬಿಚ್ಚಿ, ತೊಳೆದು, ಪೂರ್ತಿ ಒಣಗಿಸಿ, ಪರೀಕ್ಷಿಸಿದ ಮೇಲೇ ತಿಳಿಯುವುದು. ಅದಕ್ಕೂ ಮೊದಲು ಪ್ಲಗ್ ಹಾಕಿದರೆ ಮೋಟಾರು ಸುಟ್ಟೀತು, ಕೈಗೆ ಶಾಕ್ ಹೊಡೆದೀತು. ಮುಳುಗಿದ ಲಿಥಿಯಂ ಬ್ಯಾಟರಿಯನ್ನಂತೂ ಎಸೆಯಲೇಬೇಕು, ಒಳಗೇ ಶಾರ್ಟ್ ಆಗಿ ದಿನಗಳ ನಂತರವೂ ಬೆಂಕಿ ಹತ್ತಬಹುದು.

ಅಂದರೆ ಉಳಿಯಿಂದ ಯಂತ್ರಕ್ಕೆ ಬಂದಾಗ ಕೆಲಸದ ವೇಗ ಮಾತ್ರ ಹೆಚ್ಚಲಿಲ್ಲ, ನಷ್ಟದ ಸ್ವಭಾವವೂ ಬದಲಾಯಿತು. ಹಿಂದೆ ಅರ್ಧ ದಿನದ ಬೆವರಿನಲ್ಲಿ ಸರಿಹೋಗುತ್ತಿದ್ದದ್ದು ಈಗ ತಿಂಗಳ ದುಡಿಮೆಯನ್ನು ತಿನ್ನಬಹುದು. ವೇಗದ ಲಾಭ ಯಾರಿಗೆ? ಮಿಸ್ತ್ರಿಗೂ ಇದೆ, ನಿಜ. ಆದರೆ ‘ದೀಪಾವಳಿಯೊಳಗೆ ಮುಗಿಸಿಕೊಡಿ ಮಿಸ್ತ್ರೀಜಿ’ ಎಂದು ಅವಸರ ಮಾಡುವವರು ನಾವು. ಲಾಭದಲ್ಲಿ ಪಾಲುದಾರರಾದವರು ಅಪಾಯದಲ್ಲಿ ಮಾತ್ರ ಹೊರಗಿನವರಾಗುವುದು ಹೇಗೆ?

ಇದಕ್ಕೊಂದು ಒಳ್ಳೆಯ ಆಕ್ಷೇಪವಿದೆ. ಹಾಗಾದರೆ ಓಲಾ ಟ್ಯಾಕ್ಸಿ ನೀರಲ್ಲಿ ನಿಂತರೆ ಹಿಂದೆ ಕೂತವರು ಎಂಜಿನ್ ರಿಪೇರಿ ಮಾಡಿಸಬೇಕೆ? ಬೇಡ ಅನ್ನುತ್ತೇನೆ. ಏಕೆಂದರೆ ಟ್ಯಾಕ್ಸಿಯನ್ನು ನಾವು ರಾತ್ರಿ ನಮ್ಮ ಮನೆಯಲ್ಲಿ ಇರಿಸಿಕೊಳ್ಳುವುದಿಲ್ಲ. ಮಿಸ್ತ್ರಿಯ ಸಾಮಾನನ್ನು ಇರಿಸಿಕೊಳ್ಳುತ್ತೇವೆ, ಮತ್ತು ಅದು ಅವರ ಅನುಕೂಲಕ್ಕೆ ಮಾತ್ರ ಅಲ್ಲ. ದೆಹಲಿಯಲ್ಲಿ ಮನೆ ಕೆಲಸ ಮಾಡಿಸಿದ ಯಾರನ್ನಾದರೂ ಕೇಳಿ. ಮುಂಗಡ ಪಡೆದ ಮಿಸ್ತ್ರಿ ಇನ್ನೊಂದು ಕಡೆ ಕೆಲಸ ಹಿಡಿದು ಮಾಯವಾದಾನು ಎಂಬ ಭಯ ಎಲ್ಲರಿಗೂ. ‘ಸಾಮಾನು ಇಲ್ಲೇ ಇರಲಿ ಬಿಡಿ, ದಿನಾ ಯಾಕೆ ಹೊರುತ್ತೀರಿ’ ಎಂಬ ನಮ್ಮ ಔದಾರ್ಯದಲ್ಲಿ ಆ ಭಯದ ಪಾಲೂ ಇದೆ. ಗರಗಸ ನಮ್ಮ ವರಾಂಡದಲ್ಲಿದ್ದರೆ ಮಿಸ್ತ್ರಿ ನಾಳೆ ಬಂದೇ ಬರುತ್ತಾರೆ. ಯಾರೂ ಬಾಯಿಬಿಟ್ಟು ಹೇಳದ ಒತ್ತೆ ಅದು.

ಒತ್ತೆಯ ವಿಷಯದಲ್ಲಿ ಹಳೆಯ ಕಾನೂನುಗಳು ನಮಗಿಂತ ಸೂಕ್ಷ್ಮವಾಗಿದ್ದವು. ಸಾಲಕ್ಕೆ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ. ಹಾಗೆ ಹಿಡಿಯುವುದು ಜೀವವನ್ನೇ ಹಿಡಿದಂತೆ ಎಂಬುದು ಅದರ ಕಾರಣ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಸೆಕ್ಷನ್ ಕೂಡ ಡಿಕ್ರಿ ಜಾರಿಯಲ್ಲಿ ಕುಶಲಕರ್ಮಿಯ ಹತ್ಯಾರುಗಳನ್ನು ಜಪ್ತಿ ಮಾಡದಂತೆ ಕಾಯುತ್ತದೆ. ನ್ಯಾಯಾಲಯಕ್ಕೂ ಇಲ್ಲದ ಹಿಡಿತ ನಮ್ಮ ವರಾಂಡಕ್ಕಿದೆ. (ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮ ಇಡುವ ನಾವೇ ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆಗೆ ಮಿಸ್ತ್ರಿ ರಜೆ ಕೇಳಿದರೆ ಮುಖ ಸಿಂಡರಿಸುತ್ತೇವೆ.)

ಹಾಗಾಗಿ ನನ್ನ ಎಣಿಕೆ ಹೀಗೆ: ಒತ್ತೆಯ ನೆಮ್ಮದಿ ಉಂಡವರು ಒತ್ತೆಯ ವಸ್ತುವಿನ ಅಪಾಯದಲ್ಲೂ ಪಾಲು ಹೊರಬೇಕು. ಪೂರ್ತಿ ಅಲ್ಲ. ಹಳೆಯ ಯಂತ್ರಕ್ಕೆ ಹೊಸದರ ಬೆಲೆ ಕೇಳುವುದೂ ನ್ಯಾಯವಲ್ಲ, ಮಿಸ್ತ್ರಿಗಳೂ ಹಾಗೆ ಕೇಳುವುದು ಕಡಿಮೆ. ಬಿಚ್ಚಿ ಒಣಗಿಸಿ ಬೇರಿಂಗು ಬದಲಿಸುವ ಖರ್ಚು, ಸತ್ತ ಬ್ಯಾಟರಿಯ ಅರ್ಧ ಬೆಲೆ, ಯಂತ್ರವಿಲ್ಲದೆ ಕೂತ ದಿನಗಳ ಕೂಲಿಯಲ್ಲಿ ಒಂದಿಷ್ಟು. ಅಷ್ಟೂ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ಮಳೆಗಾಲದಲ್ಲಿ ಸಂಜೆ ಚೀಲ ಹೊತ್ತುಕೊಂಡು ಹೋಗಲು ಬಿಡಿ, ನಾಳೆ ಬರುತ್ತಾರೆಂದು ನಂಬಿ. ಅದೂ ಆಗದಿದ್ದರೆ ವರಾಂಡದ ನೆಲ ಬಿಟ್ಟು ಮನೆಯೊಳಗಿನ ಅಟ್ಟದಲ್ಲಿ ಜಾಗ ಕೊಡಿ.