ಗುರ್ ಎನ್ನುವ ಹಕ್ಕು

ನಾಯಿಯದು ಷರತ್ತಿಲ್ಲದ ಪ್ರೀತಿ ಎನ್ನುತ್ತೇವೆ. ಸುಳ್ಳು. ಹೊತ್ತಿಗೆ ಸರಿಯಾಗಿ ಅನ್ನ, ಸಂಜೆ ಒಂದು ಸುತ್ತು, ಏರದ ದನಿ. ತನ್ನ ಷರತ್ತುಗಳನ್ನೆಲ್ಲ ಅದು ಮೊದಲ ವಾರದಲ್ಲೇ ತಿಳಿಸಿಬಿಡುತ್ತದೆ. ಮನುಷ್ಯರ ಷರತ್ತು ಗೊತ್ತಾಗುವುದು ಜಗಳವಾದ ಮೇಲೆ.

•

ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ. ಮುಂದೆಂದೋ ಸದ್ದಿಲ್ಲದೆ ಕಚ್ಚುತ್ತದೆ. ಆಗ ನಾವು 'ಇದ್ದಕ್ಕಿದ್ದಂತೆ ಕಚ್ಚಿತು' ಎನ್ನುತ್ತೇವೆ. ಎದುರು ಮಾತಾಡಬೇಡ ಎಂದು ಬೆಳೆಸಿದ ಮಗ ಫೋನ್ ಎತ್ತುವುದನ್ನೇ ನಿಲ್ಲಿಸಿದಾಗಲೂ ಮನೆಯಲ್ಲಿ ಕೇಳಿಬರುವುದು ಅದೇ 'ಇದ್ದಕ್ಕಿದ್ದಂತೆ'.

•

ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆದ ಆ ದನಿಯನ್ನು ದೊಡ್ಡವಾದ ಮೇಲೂ ಬಳಸುವುದು ಹೆಚ್ಚಾಗಿ ನಮ್ಮ ಹತ್ತಿರ. ಬಾಲದ, ಕಿವಿಯ, ವಾಸನೆಯ ಮಾತು ನಮ್ಮ ತಲೆಗೆ ಹೋಗುವುದಿಲ್ಲವಲ್ಲ! ಬೆಕ್ಕಿಗೆ ಅಹಂಕಾರ ಎನ್ನುವವರು ತಾವು ಅದಕ್ಕಾಗಿ ಏನು ಕಲಿತರೆಂದು ಹೇಳಲಿ.

•

ತೊಡೆಯಿಂದಿಳಿದು ಹೋದ ಬೆಕ್ಕು ಮುನಿಸಿಕೊಂಡಿಲ್ಲ. ಸಾಕಾಯಿತು, ಅಷ್ಟೆ.

•

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ನಾಯಿಯಿದೆ. ರಾಷ್ಟ್ರಕೂಟರ ಕಾಲದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಅವನ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಮುಂದೆ ಕಾಡುಹಂದಿಯೊಂದಿಗೆ ಕಾದಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ದತ್ತಿ ಬಿಟ್ಟರು. ಹತ್ತನೆಯ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಲ್ಲಿನಲ್ಲಿ ದೊರೆಗಳ ಹೊಗಳಿಕೆಯೂ ಇದೆ. ನಾಯಿಯ ಮುಖಸ್ತುತಿ ಮಾಡಿ ಯಾರಿಗೂ ಏನೂ ದಕ್ಕುವುದಿಲ್ಲವಾದ್ದರಿಂದ, ನಾನು ಹೆಚ್ಚು ನಂಬುವುದು ಕಾಳಿಯ ಭಾಗವನ್ನು.

•

ಗುರುತಿಲ್ಲದ ಕೈ ತಾಗಿದರೆ ಎಷ್ಟೋ ಹಸುಗಳು ಹಾಲಿಳಿಸುವುದಿಲ್ಲ. ಒಡೆತನ ಕಾಗದದಲ್ಲಿರಬಹುದು, ಸಲುಗೆ ಕರೆಯುವವಳ ಬೆರಳಲ್ಲಿರುತ್ತದೆ.

•

ಪಂಜರದ ಗಿಳಿ ಮನೆಯವರನ್ನು ಹೆಸರು ಹಿಡಿದು ಕರೆಯುತ್ತದೆ. ನೆಂಟರು 'ಎಷ್ಟು ಪ್ರೀತಿ ನೋಡಿ' ಎನ್ನುತ್ತಾರೆ. ಗಿಳಿ ಗುಂಪಿನ ಹಕ್ಕಿ. ಗುಂಪನ್ನು ಕಿತ್ತುಕೊಂಡರೆ ಎದುರಿಗಿದ್ದವರ ಜೊತೆ ಮಾತಾಡದೆ ಇನ್ನೇನು ಮಾಡೀತು? ನಮ್ಮ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೂ ಸಂತೆಯಲ್ಲಿ ಪಂಜರ ಮಾರುವವನು ಗಿರಾಕಿಯಿಲ್ಲದೆ ಕೂತದ್ದನ್ನು ನಾನು ಕಂಡಿಲ್ಲ.