ನೋಡಿಕೊಂಡು ಬರುವುದು

ಡಿಸೆಂಬರ್ ಬಂತೆಂದರೆ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರು ತಮ್ಮ ತಮ್ಮ ಊರಿನ ಮಕ್ಕಳ ಆಸ್ಪತ್ರೆಗೆ ಹೋಗುತ್ತಾರೆ. ಲಿವರ್‌ಪೂಲ್ ತಂಡ ಹೋಗುವುದು ಆಲ್ಡರ್ ಹೇ ಆಸ್ಪತ್ರೆಗೆ. ಮೈದಾನದಲ್ಲಿ ಅವರ ಬದ್ಧ ಎದುರಾಳಿಗಳಾದ ಎವರ್ಟನ್‌ನವರು ಹೋಗುವುದೂ ಅಲ್ಲಿಗೇ. ಕ್ರಿಸ್‌ಮಸ್‌ನ ಮರುದಿನ, 26ರಂದು, ಪಂದ್ಯ ಆಡುವುದು ಆ ದೇಶದ ಹಳೆಯ ವಾಡಿಕೆ. ಹಬ್ಬದ ಹೊತ್ತಿಗೆ ಆಟಗಾರರಿಗೆ ಬಿಡುವು ಸಿಗುವುದಿಲ್ಲವಾದ್ದರಿಂದ ಈ ಭೇಟಿ ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ಉಡುಗೊರೆಯ ಚೀಲ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾರೆ, ಅಂಗಿಯ ಮೇಲೆ ಸಹಿ ಹಾಕುತ್ತಾರೆ, ಮಗುವಿನ ಪಕ್ಕ ಕೂರುತ್ತಾರೆ. ಕ್ಲಬ್ಬಿನ ಕ್ಯಾಮೆರಾ ಜೊತೆಗಿರುತ್ತದೆ. ಸಂಜೆಯೊಳಗೆ ಆ ಚಿತ್ರಗಳನ್ನು ಲೋಕವೆಲ್ಲ ನೋಡಿರುತ್ತದೆ. ಸಂಬಳ ಕೊಡುವವರು ದಿನ ಗೊತ್ತುಮಾಡಿ, ಚಿತ್ರ ತೆಗೆಯುವವರನ್ನೂ ಜೊತೆಮಾಡಿ ಕಳಿಸಿದ ಈ ಭೇಟಿಯನ್ನು ಪುಣ್ಯದ ಕೆಲಸ ಎನ್ನಬಹುದೇ? ಕೇಳಲೇಬೇಕಾದ ಪ್ರಶ್ನೆ ಇದು. ಎನ್ನಬಹುದು ಎಂಬುದೇ ನನ್ನ ಉತ್ತರ, ಆದರೆ ಆ ಉತ್ತರಕ್ಕೆ ಒಂದು ಷರತ್ತಿದೆ.

ಆಕ್ಷೇಪಿಸುವವರಿಗೆ ಆಧಾರ ಸಿಗುವುದು ಕ್ರೈಸ್ತ ಗ್ರಂಥದಲ್ಲಿಯೇ. ಜನ ನೋಡಲಿ ಎಂದು ದಾನ ಮಾಡಬೇಡಿ, ಹಾಗೆ ಮಾಡಿದವರಿಗೆ ಸಲ್ಲಬೇಕಾದ ಫಲ ಇಲ್ಲಿಯೇ ಸಂದುಹೋಯಿತು ಎಂಬ ಎಚ್ಚರಿಕೆ ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ. ಅದೇ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಅಲ್ಲಿ ಕ್ರಿಸ್ತನು ಹಸಿದವರು, ಪರದೇಶಿಗಳು, ಸೆರೆಯಲ್ಲಿದ್ದವರ ಜೊತೆಗೆ ರೋಗಿಗಳನ್ನೂ ತನ್ನ ರೂಪವೆಂದೇ ಎಣಿಸುತ್ತಾನೆ. ಅವರನ್ನು ನೋಡಲು ಹೋದವರು ತನ್ನನ್ನೇ ನೋಡಲು ಬಂದವರು ಎನ್ನುತ್ತಾನೆ. ಇದನ್ನು ಕೇಳಿದ ಸಜ್ಜನರಿಗೇ ಅಚ್ಚರಿ. ತಾವು ಯಾವಾಗ ಆತನನ್ನು ನೋಡಲು ಹೋಗಿದ್ದೆವೆಂಬುದು ಅವರಿಗೆ ತಿಳಿಯದು. ಅಂದರೆ ಆ ತೀರ್ಪಿನಲ್ಲಿ ಅವರ ಮನಸ್ಸಿನ ಶುದ್ಧಿಯನ್ನು ಯಾರೂ ಅಳೆಯಲಿಲ್ಲ. ಹೋದರೋ ಇಲ್ಲವೋ ಎಂಬುದನ್ನಷ್ಟೇ ಕೇಳಿದರು. ಎರಡು ಅಧ್ಯಾಯಗಳೂ ಒಂದಕ್ಕೊಂದು ವಿರುದ್ಧವೇನಲ್ಲ. ಮೊದಲನೆಯದು ಕೊಡುವವನ ಆತ್ಮದ ಲೆಕ್ಕ, ಎರಡನೆಯದು ಪಡೆಯುವವನ ಪಾಡು. ತೋರಿಕೆಗಾಗಿ ಕೊಟ್ಟ ಅನ್ನದಿಂದಲೂ ಹೊಟ್ಟೆ ತುಂಬುತ್ತದೆ. ನಷ್ಟವಾದರೆ ಅದು ಕೊಟ್ಟವನದು. ಗೀತೆಯ ಹದಿನೇಳನೆಯ ಅಧ್ಯಾಯವೂ ಪ್ರತಿಫಲ ಬಯಸಿ ಕೊಟ್ಟದ್ದನ್ನು ರಾಜಸವೆಂದು ಕೆಳಗಿನ ಮೆಟ್ಟಿಲಲ್ಲಿಡುತ್ತದೆಯಾದರೂ ಅದನ್ನು ದಾನವೆಂದೇ ಕರೆಯುತ್ತದೆ. ಆಟಗಾರನ ಮನಸ್ಸಿನಲ್ಲೇನಿತ್ತು ಎಂದು ಅಗೆಯುತ್ತ ಕೂತರೆ, ಆರೋಗ್ಯವಂತನೊಬ್ಬನನ್ನು ನಡುವೆ ಕೂರಿಸಿ ಮಗುವನ್ನು ಮೂಲೆಗೆ ತಳ್ಳಿದಂತಾಗುತ್ತದೆ.

ಮಗುವಿನ ಕಡೆಯಿಂದ ನೋಡಬೇಕಾದರೆ ಬ್ರಿಟನ್ನಿನ ಆಸ್ಪತ್ರೆಗಳ ಚರಿತ್ರೆಯನ್ನು ನೆನೆಯಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಅಲ್ಲಿನ ಎಷ್ಟೋ ಮಕ್ಕಳ ವಾರ್ಡುಗಳಲ್ಲಿ ಹೆತ್ತವರಿಗೂ ವಾರಕ್ಕೊಮ್ಮೆ, ಅದೂ ಗೊತ್ತಾದ ವೇಳೆಯಲ್ಲಿ ಮಾತ್ರ ಪ್ರವೇಶವಿತ್ತು. ತಾಯಿ ಬಂದುಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಆಗಿನ ವಾದ. ಆ ಮೌನವನ್ನು ಒಗ್ಗಿಕೊಂಡ ಲಕ್ಷಣವೆಂದು ತಿಳಿದಿದ್ದರು. ಅದು ಹತಾಶೆ ಎಂದು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವಿನ ಮೇಲೆ ತೆಗೆದ ಚಲನಚಿತ್ರದ ಮೂಲಕ ತೋರಿಸಿದರು. 1959ರಲ್ಲಿ ಮ್ಯಾಂಚೆಸ್ಟರಿನ ಮೂಳೆ ಶಸ್ತ್ರವೈದ್ಯ ಹ್ಯಾರಿ ಪ್ಲ್ಯಾಟ್ ಅವರ ಸಮಿತಿ, ಮಕ್ಕಳನ್ನು ನೋಡಲು ಹೆತ್ತವರಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಅದು ಎಲ್ಲ ಕಡೆಯೂ ಜಾರಿಗೆ ಬರಲು ಇನ್ನೂ ವರ್ಷಗಳೇ ಹಿಡಿದವು. ಯಾರಾದರೂ ನೋಡಲು ಬರುವುದು ಚಿಕಿತ್ಸೆಗೆ ಅಡ್ಡಿಯಲ್ಲ, ಮಗುವಿನ ಅಗತ್ಯ ಎಂಬುದನ್ನು ಆ ದೇಶ ಕಲಿತದ್ದು ಹೀಗೆ, ಎಷ್ಟೋ ಮಕ್ಕಳ ಕಣ್ಣೀರಿನ ಬೆಲೆ ತೆತ್ತು. ತಾಯಿಯ ಜಾಗವನ್ನು ಆಟಗಾರ ತುಂಬಲಾರ, ನಿಜ. ಆದರೆ ಅವನು ಬಂದದ್ದು ಮಗುವಿಗೆ ಏನನ್ನೂ ಮಾಡಲಿಲ್ಲ ಎನ್ನುವವರು ಈ ಚರಿತ್ರೆಗೆ ಉತ್ತರ ಹೇಳಬೇಕಾಗುತ್ತದೆ.

ಯೆಹೂದ್ಯರ ತಾಲ್ಮೂದಿನಲ್ಲಿ ಒಂದು ಸೊಗಸಾದ ಲೆಕ್ಕವಿದೆ. ರೋಗಿಯನ್ನು ನೋಡಲು ಹೋದವನು ಅವನ ನೋವಿನ ಅರವತ್ತನೆಯ ಒಂದು ಪಾಲನ್ನು ಕಳೆಯುತ್ತಾನಂತೆ. ಹಾಗಾದರೆ ಅರವತ್ತು ಜನ ಹೋದರೆ ರೋಗ ಪೂರ್ತಿ ವಾಸಿಯಾಗಬೇಕಲ್ಲ ಎಂಬ ಪ್ರಶ್ನೆಯೂ ಅಲ್ಲಿಯೇ ಏಳುತ್ತದೆ. ಉಳಿದದ್ದರಲ್ಲಿ ಅರವತ್ತನೆಯ ಒಂದು ಪಾಲು ಎಂದು ಉತ್ತರ. ಅದಕ್ಕೂ ಒಂದು ಕಟ್ಟು ಇದೆ: ಬಂದವನು ರೋಗಿಯ ಓರಗೆಯವನಾಗಿರಬೇಕು. ಈ ಲೆಕ್ಕದಲ್ಲಿರುವ ಸಂಯಮ ದೊಡ್ಡದು. ಭೇಟಿಯಿಂದ ಕಾಯಿಲೆ ಹೋಗದು, ಆದರೂ ಅಷ್ಟಿಷ್ಟು ಭಾರ ಇಳಿದೀತು. ಕೋಟಿಗಟ್ಟಲೆ ಸಂಬಳದ, ಕಟ್ಟುಮಸ್ತಾದ ಆಟಗಾರ ಎದ್ದು ನಿಲ್ಲಲಾರದ ಮಗುವಿಗೆ ಓರಗೆಯವನಾಗುವುದು ಹೇಗೆ? ಆಟವೇ ಅವರಿಬ್ಬರ ನಡುವಿನ ಓರಗೆತನ ಎಂದು ನನಗೆ ತೋರುತ್ತದೆ. ಆಸ್ಪತ್ರೆಯಲ್ಲಿ ಮಗುವಿನ ಬಳಿ ಬರುವವರೆಲ್ಲ ಅದರ ನೋವು, ಊಟ, ನಿದ್ದೆಯ ಬಗ್ಗೆಯೇ ಕೇಳುತ್ತಾರೆ, ಕೇಳಲೇಬೇಕು. ಕಳೆದ ಶನಿವಾರ ಪೆನಾಲ್ಟಿ ಯಾಕೆ ಹಾಳುಮಾಡಿಕೊಂಡೆ ಎಂದು ಮಗುವೇ ಕೇಳಬಹುದಾದ ಒಬ್ಬ ಮನುಷ್ಯ ಬಂದಾಗ ಪ್ರಶ್ನೆಯ ದಿಕ್ಕು ತಿರುಗುತ್ತದೆ. ರೋಗಿಯಾಗಿದ್ದ ಮಗು ಆ ಹೊತ್ತಿಗೆ ಅಭಿಮಾನಿಯಾಗುತ್ತದೆ, ಆ ಮಂಚಕ್ಕೆ ಮನೆಯೊಡೆಯನಾಗುತ್ತದೆ. ಏನು ಮಾತಾಡಬೇಕೆಂದು ತಿಳಿಯದೆ ತಡವರಿಸುವವನು ಬಂದ ಅತಿಥಿ.

ಈ ಆಟಗಾರರ ಒಂದು ದಿನದ ಸಂಬಳವನ್ನೇ ಕೊಟ್ಟರೆ ಆಗದೇ, ಮುಖ ತೋರಿಸುವುದೇಕೆ ಎಂಬುದು ಮತ್ತೊಂದು ಆಕ್ಷೇಪ. ಕೊಡಬೇಕು. 2017ರಲ್ಲಿ ಹ್ವಾನ್ ಮಾಟಾ ಎಂಬ ಸ್ಪೇನಿನ ಆಟಗಾರ ಸಂಬಳದಲ್ಲಿ ನೂರಕ್ಕೆ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಬಿಟ್ಟುಕೊಟ್ಟು, ಇತರ ಆಟಗಾರರನ್ನೂ ಕರೆದರು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿನಿಲ್ಲಿಸಿದ ಅನ್ಯೂರಿನ್ ಬೆವನ್ ಸಂಸತ್ತಿನಲ್ಲಿ, ಸಣ್ಣ ಆಸ್ಪತ್ರೆಯ ಬೆಚ್ಚನೆಯ ಅನುಕಂಪದಲ್ಲಿ ಸಾಯುವುದಕ್ಕಿಂತ ದೊಡ್ಡ ಆಸ್ಪತ್ರೆಯ ತಣ್ಣನೆಯ ದಕ್ಷತೆಯಲ್ಲಿ ಬದುಕುವುದೇ ಮೇಲು ಎಂಬರ್ಥದ ಮಾತಾಡಿದ್ದರು. ಅದು ಸರಿಯಾದ ಮಾತು. 1948ರಲ್ಲಿ ಆ ಸೇವೆ ಆರಂಭವಾಗುವ ಮೊದಲು ಅಲ್ಲಿನ ಎಷ್ಟೋ ಆಸ್ಪತ್ರೆಗಳು ದಾನಿಗಳ ದಯೆಯನ್ನು ನೆಚ್ಚಿಕೊಂಡಿದ್ದವು. ಆ ಕಾಲ ಮರಳಿ ಬರಬಾರದು. ಆದರೆ ಔಷಧಿಯನ್ನು ಸರ್ಕಾರ ಕೊಡಬಲ್ಲದು, ಒಡನಾಟವನ್ನು ಇಲಾಖೆಯೊಂದು ಸರಬರಾಜು ಮಾಡಲಾಗದು. ಇನ್ನು ಕ್ರಿಸ್‌ಮಸ್ ಹಬ್ಬದ ಹುರುಳೇ ಬಂದು ನೋಡುವುದು. ದೇವರು ಮೇಲಿನಿಂದ ನೆರವು ಕಳಿಸಿ ಕೈತೊಳೆದುಕೊಳ್ಳಲಿಲ್ಲ, ನೋಯುವ ದೇಹ ಹೊತ್ತು ತಾನೇ ಬಂದ ಎಂಬುದು ಆ ನಂಬಿಕೆ. ಆ ಹಬ್ಬ ತಮ್ಮದಲ್ಲದ ಮೊಹಮದ್ ಸಲಾ, ಸಾದಿಯೊ ಮಾನೆ ಕೂಡ ಲಿವರ್‌ಪೂಲ್ ತಂಡದೊಂದಿಗೆ ಆಲ್ಡರ್ ಹೇ ವಾರ್ಡುಗಳಿಗೆ ಹೋದವರು. ಅವರ ಇಸ್ಲಾಂ ಧರ್ಮದ ಹದೀಸಿನಲ್ಲಿಯೂ, ನಾನು ಕಾಯಿಲೆ ಬಿದ್ದಾಗ ನೀನು ನೋಡಲು ಬರಲಿಲ್ಲವಲ್ಲ ಎಂದು ದೇವರು ಮನುಷ್ಯನನ್ನು ಕೇಳುವ ಪ್ರಸಂಗವಿದೆ.

ಇನ್ನು ಆ ಷರತ್ತು. ಕನ್ನಡದಲ್ಲಿ ಆಸ್ಪತ್ರೆಗೆ ಹೋಗುವುದನ್ನು ನೋಡಿಕೊಂಡು ಬರುವುದು ಎನ್ನುತ್ತೇವೆ. ಶುಶ್ರೂಷೆ ಮಾಡುವುದು ನೋಡಿಕೊಳ್ಳುವುದು. ಎರಡನೆಯದು ದಾದಿಯರದು, ಹೆತ್ತವರದು. ಮೂರು ಪಾಳಿಯ, ಚಿತ್ರಕ್ಕೆ ಸಿಗದ ಕೆಲಸ. ಮೊದಲನೆಯದು ಆಟಗಾರನ ಪಾಲು. ಅದು ಸಣ್ಣದು, ಆದರೆ ಅಪ್ಪಟ. ನೋಡುವುದರ ಜಾಗದಲ್ಲಿ ತೋರಿಸಿಕೊಳ್ಳುವುದು ಬಂದು ಕೂತಾಗ ಮಾತ್ರ ಅದು ಕೆಡುತ್ತದೆ. ಕೀಮೋಥೆರಪಿಯಿಂದ ಕೂದಲು ಉದುರಿದ ಮುಖವೊಂದು ಲಕ್ಷಾಂತರ ಅಪರಿಚಿತರ ಫೋನಿಗೆ ಹೋಗುವ ಮುನ್ನ ತಂದೆತಾಯಿ ಸಹಿ ಹಾಕಿರುತ್ತಾರೆ. ತಮ್ಮ ಮಗುವನ್ನು ನೋಡಲು ಬಂದ ದೊಡ್ಡವರೆದುರು ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಆ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಎನ್ನಲು ನನ್ನಿಂದಾಗದು. ಇಂಥ ಚಿತ್ರಗಳಿಂದ ಆಸ್ಪತ್ರೆಗೆ ದೇಣಿಗೆ ಬರುತ್ತದೆ, ಇತರರಿಗೂ ಪ್ರೇರಣೆಯಾಗುತ್ತದೆ ಎಂಬ ಸಮಾಧಾನದಲ್ಲಿ ಸತ್ಯವಿದೆ. ಆ ಕೆಲಸಕ್ಕೆ ಆಟಗಾರನ ಮುಖವೊಂದೇ ಸಾಕು.

2020ರ ಡಿಸೆಂಬರಿನಲ್ಲಿ ಕೋವಿಡ್‌ನಿಂದಾಗಿ ವಾರ್ಡಿನ ಬಾಗಿಲು ಮುಚ್ಚಿತ್ತು. ಲಿವರ್‌ಪೂಲ್ ಆಟಗಾರರು ಮಕ್ಕಳೊಡನೆ ಪರದೆಯ ಮೇಲೆಯೇ ಮಾತಾಡಬೇಕಾಯಿತು. ಚಿತ್ರವಿತ್ತು, ಧ್ವನಿಯಿತ್ತು, ಮಂಚದ ಪಕ್ಕದ ಕುರ್ಚಿ ಮಾತ್ರ ಖಾಲಿಯಿತ್ತು. ಈಗ ಬಾಗಿಲು ತೆರೆದಿದೆ. ಕ್ಲಬ್ಬುಗಳನ್ನು ಕೇಳಿಕೊಳ್ಳುವುದು ಇಷ್ಟೇ: ಮೊದಲ ಅರ್ಧ ಗಂಟೆ ಕ್ಯಾಮೆರಾ ಹೊರಗಿರಲಿ. ಹಬ್ಬವಿಲ್ಲದ ಮಾರ್ಚಿನಲ್ಲೊಮ್ಮೆ, ಯಾರಿಗೂ ಹೇಳದೆ, ಇಬ್ಬರು ಆಟಗಾರರಾದರೂ ಆ ಕುರ್ಚಿಯಲ್ಲಿ ಕೂತು ಬರಲಿ.